ಅವಲಕ್ಕಿಯ ಸಾಲಿನಲ್ಲಿ ಮಫಿನ್

ಮಫಿನ್ ಎಂದರೆ ಈಗಿನ ಮಕ್ಕಳು ಕಾಗದದ ಲಂಗ ತೊಟ್ಟ ಸಿಹಿ ಕೇಕನ್ನು ತೋರಿಸುತ್ತಾರೆ. ಬೇಕರಿಯ ಗಾಜಿನ ಪೆಟ್ಟಿಗೆಯಲ್ಲಿ ಕೂತಿರುವ ಆ ಶೋಕಿಯ ತಿಂಡಿಗೂ ನಾನು ಹೇಳಹೊರಟ ಮಫಿನ್ನಿಗೂ ಹೆಸರೊಂದು ಬಿಟ್ಟರೆ ಬೇರೆ ಸಂಬಂಧವಿಲ್ಲ. ನನ್ನದು ಕಾವಲಿಯ ಮೇಲೆ ಬೇಯುವಂಥದ್ದು. ಅಂಗೈಯಗಲ, ಎರಡು ಬೆರಳು ದಪ್ಪ, ಮೇಲೆ ಕೆಳಗೆ ಕೆಂಪಗೆ ಬೆಂದ ಚಪ್ಪಟೆ ಮುಖ, ನಡುವೆ ಬೆಳ್ಳಗಿನ ಸೊಂಟ. ಆ ಸೊಂಟದಲ್ಲಿ ಬಿಡಿಸಿದರೆ ಒಳಗೆಲ್ಲ ತೂತು. ಮೊಟ್ಟೆ ಬೇಡ, ಭಟ್ಟಿ ಬೇಡ. ಮೈದಾ, ಹಾಲು, ಬೆಣ್ಣೆ, ಚೂರು ಸಕ್ಕರೆ, ಉಪ್ಪು, ಹಿಟ್ಟು ಉಬ್ಬಿಸಲಿಕ್ಕೆ ಒಂದಿಷ್ಟು ಹುದುಗು, ಇಷ್ಟೇ. ಕುಮಟೆಯಲ್ಲಿ ದೀಪಾವಳಿಯ ಒಲೆಯ ಮೇಲೆ ಇದನ್ನು ಮೊದಲು ಬೇಯಿಸಿದವಳು ನಾನು. ನನಗಿಂತ ಮೊದಲು ಮಾಡಿದವರಿದ್ದರೆ ಮುಂದೆ ಬಂದು ಹೇಳಲಿ ಎಂದು ಅರವತ್ತು ವರ್ಷದಿಂದ ಕಾಯುತ್ತಿದ್ದೇನೆ, ಇನ್ನೂ ಯಾರೂ ಬಂದಿಲ್ಲ.

ಜಂಭ ಎನ್ನುತ್ತೀರಾದರೆ ಅನ್ನಿ. ಈ ವಯಸ್ಸಿನಲ್ಲಿ ಜಂಭ ಪಡಲಿಕ್ಕೂ ಇನ್ನೊಬ್ಬರ ಅಪ್ಪಣೆ ಕೇಳುವವಳಲ್ಲ ನಾನು.

ನಾನು ಹುಟ್ಟಿ ಬೆಳೆದದ್ದು ಮುಂಬಯಿಯ ಒಂದು ಚಾಳಿನಲ್ಲಿ. ಅಪ್ಪ ಕುಮಟಾ ಕಡೆಯವರೇ, ಹಡಗಿನ ಕಂಪನಿಯೊಂದರಲ್ಲಿ ಗುಮಾಸ್ತರಾಗಿದ್ದರು. ನಮ್ಮ ಮೇಲಿನ ಮಹಡಿಯಲ್ಲಿ ನಿವೃತ್ತ ನರ್ಸ್ ಒಬ್ಬರಿದ್ದರು. ಮದುವೆ ಇಲ್ಲ, ಮಕ್ಕಳಿಲ್ಲ. ಇಂಗ್ಲಿಷರ ಕಾಲದಲ್ಲಿ ಅವರ ಆಸ್ಪತ್ರೆಯಲ್ಲೇ ದುಡಿದವರು, ಅಲ್ಲಿಯ ಅಡುಗೆಮನೆಯಿಂದ ಈ ಮಫಿನ್ ಕಲಿತು ಬಂದಿದ್ದರು. ಭಾನುವಾರ ಬೆಳಿಗ್ಗೆ ಮೆಟ್ಟಿಲ ಮೇಲಿಂದ ಆ ವಾಸನೆ ಇಳಿದು ಬಂದರೆ ನಾನು ಪುಸ್ತಕ ಮುಚ್ಚಿಟ್ಟು ಹತ್ತಿಬಿಡುತ್ತಿದ್ದೆ. ತಿನ್ನಲಿಕ್ಕೆ ಹೋದವಳನ್ನು ಅವರು ಕಲಿಸದೆ ಕಳಿಸಲಿಲ್ಲ. ಹದಿನೈದು ತುಂಬುವಷ್ಟರಲ್ಲಿ ಹಿಟ್ಟನ್ನು ಮುಟ್ಟಿ ನೋಡಿಯೇ ಅದಕ್ಕೆ ಇನ್ನೆಷ್ಟು ಹೊತ್ತು ಬೇಕು ಎಂದು ಹೇಳುವಷ್ಟಾಗಿದ್ದೆ. ನಮ್ಮಮ್ಮ ಮೊದಮೊದಲು ಮುಖ ಸಿಂಡರಿಸಿದರೂ, ಮೊಟ್ಟೆ ಬೀಳುವುದಿಲ್ಲ ಎಂದು ಕಣ್ಣಾರೆ ನೋಡಿದ ಮೇಲೆ ಸುಮ್ಮನಾದರು.

ಮದುವೆಯಾಗಿ ಕುಮಟೆಗೆ ಬಂದದ್ದು ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ. ನಮ್ಮವರು ಭಟ್ಕಳದ ಹೈಸ್ಕೂಲಿನಲ್ಲಿ ಮಾಸ್ತರು. ವಾರವಿಡೀ ಅಲ್ಲಿ ಕೋಣೆ ಮಾಡಿಕೊಂಡಿದ್ದು ಶನಿವಾರ ಊರಿಗೆ ಬರುವವರು. ಹೊನ್ನಾವರದಲ್ಲಿ ಆಗ ಶರಾವತಿಗೆ ಸೇತುವೆ ಇರಲಿಲ್ಲ. ಈಚೆ ದಡದವರೆಗೆ ಒಂದು ಬಸ್ಸು, ಹೊಳೆ ದಾಟಲಿಕ್ಕೆ ಲಾಂಚು, ಆಚೆ ದಡದಿಂದ ಮತ್ತೊಂದು ಬಸ್ಸು. ಮನೆಯಲ್ಲಿ ಉಳಿದವರು ಅತ್ತೆ, ಮಾವ, ನಾನು. ಮಾವ ಅಂಚೆ ಕಚೇರಿಯಿಂದ ನಿವೃತ್ತರಾಗಿ ಪೇಪರಿನ ಹಿಂದೆ ಕೂತಿರುತ್ತಿದ್ದರು. ಅತ್ತೆಗೆ ನಿವೃತ್ತಿ ಎಂಬುದು ಗೊತ್ತೇ ಇರಲಿಲ್ಲ.

ಅತ್ತೆ ಕೆಟ್ಟವರಲ್ಲ. ಕೆಟ್ಟವರಾಗಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು, ಜಗಳವಾಡಿ ಹಗುರಾಗುತ್ತಿದ್ದೆ. ದಿನಾ ನನ್ನ ಕೈಯಲ್ಲೇ ಅಡುಗೆ ಮಾಡಿಸುತ್ತಿದ್ದರು, ಉಂಡು ಚೆನ್ನಾಗಿದೆ ಎಂದೂ ಹೇಳುತ್ತಿದ್ದರು. ಆದರೆ ಹಬ್ಬ ಬಂತೆಂದರೆ ಒಲೆ ಅವರದು. ನಾನು ರಂಗೋಲಿ ಹಾಕಬೇಕು, ಹೂ ಕಟ್ಟಬೇಕು, ಬಾಳೆಲೆ ಒರೆಸಬೇಕು, ಕಾಯಿ ತುರಿದು ಬಾಗಿಲ ಹೊರಗಿಂದ ಚಾಚಬೇಕು. ಮುಂಬಯಿಯ ಹುಡುಗಿ, ಭಟ್ಟಿಯ ಪಾವು ಬ್ರೆಡ್ಡು ತಿಂದು ಬೆಳೆದವಳು, ಮಡಿ ಮೈಲಿಗೆ ತಿಳಿಯದವಳು, ದೇವರಿಗೆ ಆಗುವ ಅಡುಗೆ ಇವಳ ಕೈಯಲ್ಲಿ ಹೇಗೆ ಆದೀತು ಎಂಬುದು ಅವರ ಅಂಜಿಕೆ. ಅದನ್ನು ಅವರು ಬಾಯಿಬಿಟ್ಟು ಹೇಳಲೂ ಇಲ್ಲ, ನಾನು ಕೇಳಲೂ ಇಲ್ಲ. ಚೌತಿಯಲ್ಲಿ ಹೊರಗೆ, ನವರಾತ್ರಿಯಲ್ಲಿ ಹೊರಗೆ. ಒಳಗಿನ ಒಗ್ಗರಣೆಯ ಸದ್ದು ಕೇಳುತ್ತಾ ಹೂ ಕಟ್ಟುವಾಗ ನನಗೆ ಬರುತ್ತಿದ್ದ ಸಿಟ್ಟಿಗೆ ದಾರ ಎರಡೆರಡು ಸಲ ತುಂಡಾಗುತ್ತಿತ್ತು.

ನಮ್ಮ ಕಡೆ ನರಕ ಚತುರ್ದಶಿಯ ಬೆಳಗಿನ ತಿಂಡಿ ಅವಲಕ್ಕಿ. ಬೆಳಗಾಗುವ ಮುಂಚೆ ಎಣ್ಣೆ ಸ್ನಾನ ಮಾಡಿ, ಕಹಿಯಾದ ಹಿಂಡ್ಲೆಕಾಯಿಯನ್ನು ಎಡಗಾಲಲ್ಲಿ ಒಡೆದು ಒಳಗೆ ಬಂದರೆ ಬಾಳೆಲೆಯ ಮೇಲೆ ಬಗೆಬಗೆಯ ಅವಲಕ್ಕಿ. ನಮ್ಮ ಅತ್ತೆಯದು ಏಳು ಬಗೆ. ಬೆಲ್ಲದ್ದು, ಮೊಸರಿನದು, ಹಾಲಿನದು, ಕಾಯಿಹಾಲಿನದು, ಬಾಳೆಹಣ್ಣಿನದು, ಒಗ್ಗರಣೆಯದು, ಮೆಣಸು ಅರೆದು ಹಚ್ಚಿದ ಖಾರದ್ದು. ಕೇರಿಯ ಹೆಂಗಸರು ಆ ಬೆಳಿಗ್ಗೆ ಒಬ್ಬರ ಮನೆಗೆ ಒಬ್ಬರು ಹೋಗಿ ರುಚಿ ನೋಡುವುದು ರೂಢಿ. ರುಚಿ ನೋಡುವುದು ಎಂದರೆ ಬಾಯಿಯಿಂದ ಹೊಗಳಿ, ಮೂಗಿನಿಂದ ತಪ್ಪು ಹುಡುಕುವುದು. ಅತ್ತೆಯ ಏಳು ಬಗೆಯಲ್ಲಿ ತಪ್ಪು ಹುಡುಕಿದವರು ಕೇರಿಯಲ್ಲಿ ಯಾರೂ ಇರಲಿಲ್ಲ.

ಮೊದಲ ದೀಪಾವಳಿಗೆ ಅಳಿಯನನ್ನು ಹೆಣ್ಣಿನ ಮನೆಗೆ ಕರೆಯುತ್ತಾರಲ್ಲ, ಹಾಗೆ ನಾವಿಬ್ಬರೂ ಮುಂಬಯಿಗೆ ಹೋದೆವು. ಅಲ್ಲಿ ಒಂದು ಬೆಳಿಗ್ಗೆ ನಾನು ಮಫಿನ್ ಮಾಡಿದೆ. ನಮ್ಮವರು ಆರು ತಿಂದರು. ಆರು ಎಂದು ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ, ನಮ್ಮಮ್ಮನೇ ಎಣಿಸಿ ನಕ್ಕಿದ್ದರು. ತಿಂದದ್ದು ಸಾಲದೆಂದು ಊರಿಗೆ ಬಂದವರು ಅದರ ಗುಣಗಾನ ಶುರುಮಾಡಿದರು. ಊಟಕ್ಕೆ ಕೂತರೆ ಮಫಿನ್, ಜಗಲಿಯಲ್ಲಿ ಕೂತರೆ ಮಫಿನ್. ತಾಯಿಯ ದೋಸೆ ತಿನ್ನುತ್ತಾ ಹೆಂಡತಿಯ ಮಫಿನ್ನನ್ನು ಹೊಗಳುವ ಗಂಡಸಿಗೆ ಏನೆನ್ನಬೇಕು? ನಾನು ಕಣ್ಣು ದೊಡ್ಡದು ಮಾಡಿದಷ್ಟೂ ಅವರ ಬಾಯಿ ದೊಡ್ಡದಾಗುತ್ತಿತ್ತು. ವರ್ಷವಿಡೀ ಅತ್ತೆ ಕೇಳಿದರು, ಕೇಳಿಸದವರಂತೆ ಇದ್ದರು.

ಮರುವರ್ಷದ ನವರಾತ್ರಿ ಮುಗಿದ ಮೇಲೆ ಒಂದು ಶನಿವಾರ ನಮ್ಮವರು ಮತ್ತೆ ಅದೇ ರಾಗ ತೆಗೆದಾಗ ಅತ್ತೆ ಬಡಿಸುವ ಸೌಟನ್ನು ಕೆಳಗಿಟ್ಟರು. ಚತುರ್ದಶಿಯ ಬೆಳಿಗ್ಗೆ ಅವಲಕ್ಕಿಯ ಜೊತೆ ಇವಳು ಅದೊಂದನ್ನು ಮಾಡಲಿ ಎಂದರು. ನನಗೆ ಮೊದಲು ಕಿವಿಯ ಮೇಲೆ ನಂಬಿಕೆ ಬರಲಿಲ್ಲ. ಹಬ್ಬದ ಒಲೆ, ಅದೂ ಅವರೇ ಕೊಡುವುದು. ಆದರೆ ಅತ್ತೆ ಸುಮ್ಮನೆ ಕೊಡುವ ಪೈಕಿಯೇ? ಮೂರು ಕರಾರು ಹಾಕಿದರು. ಪೇಟೆಯಿಂದ ಪಾವಿನ ಭಟ್ಟಿಯವರ ಹುದುಗು ತರಕೂಡದು, ಅವರು ಹಿಟ್ಟು ಉಬ್ಬಿಸಲು ಹಾಕುವ ಶೇಂದಿಯ ಹನಿಯೂ ಸೋಕಬಾರದು. ಮಡಿಯ ವಿಷಯದಲ್ಲಿ ಅವರು ಹೇಳಿದ್ದೇ ಕಡೆಯ ಮಾತು. ಬಂದವರೆದುರು ಅದನ್ನು ಪಾವು ಅನ್ನಬಾರದು, ಯಾರಾದರೂ ಕೇಳಿದರೆ ಗೋಧಿ ರೊಟ್ಟಿ ಅಂದುಬಿಡಬೇಕು. ಕಡೆಗೆ ನನ್ನ ಮುಖ ನೋಡಿ ಹೇಳಿದರು.

“ಆದ್ರೆ ಆತು. ಆಗದಿದ್ರೆ ಇನ್ನು ಮೇಲೆ ಹಬ್ಬದ ಒಲೆ ಅಂತ ನೀನೂ ಮನಸ್ಸಲ್ಲಿ ಇಟ್ಕೊಳ್ಬೇಡ, ಇವನೂ ಬಾಯಲ್ಲಿ ತೆಗೀಬಾರ್ದು.”

ಅಂದರೆ ನನ್ನ ಮನಸ್ಸಿನಲ್ಲಿ ಏನಿದೆ ಎಂದು ಅವರಿಗೆ ಗೊತ್ತಿತ್ತು. ಎರಡು ವರ್ಷದಿಂದ ನಾನು ಬಚ್ಚಿಟ್ಟುಕೊಂಡಿದ್ದೇನೆ ಎಂದು ತಿಳಿದದ್ದನ್ನು ಅವರು ಹೂವಿನ ದಾರದ ಗಂಟುಗಳಲ್ಲೇ ಓದಿರಬೇಕು.

ಪಾವಿನ ಬಗ್ಗೆ ನಮ್ಮ ಕಡೆಯ ಹಳಬರಿಗಿದ್ದ ಭಯ ಈಗಿನವರಿಗೆ ಅರ್ಥವಾಗುವುದಿಲ್ಲ. ಗೋವೆಯಲ್ಲಿ ಪೋರ್ತುಗೀಜರ ಕಾಲದಲ್ಲಿ ಊರ ಬಾವಿಗೆ ಪಾವಿನ ತುಂಡು ಹಾಕಿ, ಆ ನೀರು ಕುಡಿದವರ ಜಾತಿ ಹೋಯಿತೆಂದು ಸಾರಿದರಂತೆ. ಈ ಕತೆ ಕರಾವಳಿಯ ಎಲ್ಲ ಅಜ್ಜಿಯರ ಬಾಯಲ್ಲಿತ್ತು. ಅದು ಎಷ್ಟು ನಿಜವೋ ನಾನು ಕಾಣೆ. ಪೇಟೆಯ ಗಂಡಸರು ಆಗಲೇ ಹೋಟೆಲಿನಲ್ಲಿ ಚಹಕ್ಕೆ ಪಾವು ಅದ್ದಿ ತಿಂದು ಬಾಯಿ ಒರೆಸಿಕೊಂಡು ಮನೆಗೆ ಬರುತ್ತಿದ್ದರು. ಆದರೆ ಅದು ಹೊಸ್ತಿಲು ದಾಟಿ ಒಳಗೆ ಬರುವಂತಿರಲಿಲ್ಲ. ಅಂಥದ್ದರಲ್ಲಿ ಹಬ್ಬದ ದಿನ, ಅವಲಕ್ಕಿಯ ಪಕ್ಕದಲ್ಲಿ, ಪಾವಿನ ಸೋದರಿಯಂತಿರುವ ಇದನ್ನು ಇಡಲು ಒಪ್ಪಿದ ಅತ್ತೆ ಕೇರಿಯಲ್ಲಿ ತಮ್ಮ ಮರ್ಯಾದೆಯನ್ನೂ ಒಲೆಗೆ ಒಡ್ಡಿದ್ದರು. ಆ ವಯಸ್ಸಿನಲ್ಲಿ ನನಗೆ ನನ್ನ ಮರ್ಯಾದೆಯೊಂದೇ ಕಂಡದ್ದು.

ಹಿಟ್ಟು ಹರಡದಂತೆ ಬೇಯಿಸಲಿಕ್ಕೆ ತಗಡಿನ ಬಳೆ ಬೇಕು. ನಮ್ಮವರು ಭಟ್ಕಳದಲ್ಲಿ ಡಬ್ಬ ಮಾಡುವ ಮುದುಕರೊಬ್ಬರಿಗೆ ಹೇಳಿದರು. ಅವರು ಏನಕ್ಕೆ ಎಂದು ಕೇಳಿ, ಬೆಂಕಿಗೆ ಹೋಗುವುದಾದರೆ ಬೆಸುಗೆ ನಿಲ್ಲುವುದಿಲ್ಲ, ಸೀಸ ಕರಗಿ ತಿಂಡಿಗೆ ಇಳಿದೀತು ಎಂದು ತಗಡಿನ ಎರಡು ತುದಿಯನ್ನು ಒಂದರೊಳಗೊಂದು ಮಡಚಿ, ಬಡಿದು ಕೂಡಿಸಿ ಹನ್ನೆರಡು ಬಳೆ ಮಾಡಿಕೊಟ್ಟರು. ಅಂಚನ್ನು ಕೈಗೆ ತಾಗದಂತೆ ಮಗುಚಿದ್ದರು. ತಮ್ಮ ಕೆಲಸ ಬಲ್ಲವರು ಎಲ್ಲಿದ್ದರೂ ನನಗೆ ಬೇಗ ಗೊತ್ತಾಗುತ್ತದೆ, ಆ ಬಳೆಗಳನ್ನು ನೋಡಿದ ಕೂಡಲೇ ಆ ಮುದುಕರ ಮೇಲೆ ಗೌರವ ಹುಟ್ಟಿತು. ನಮ್ಮವರು ಅವನ್ನು ಸೆಣಬಿನ ದಾರದಲ್ಲಿ ಪೋಣಿಸಿಕೊಂಡು ಬಂದಿದ್ದರು. ಹೊನ್ನಾವರದ ಲಾಂಚಿನಲ್ಲಿ ಅದರ ಕಿಣಿಕಿಣಿ ಕೇಳಿ ಮಾಸ್ತರು ಎತ್ತಿಗೆ ಗೆಜ್ಜೆ ಕೊಂಡಿದ್ದಾರೆ ಎಂದು ಜನ ತಮಾಷೆ ಮಾಡಿದರಂತೆ.

ಹುದುಗನ್ನು ನಾನೇ ಎಬ್ಬಿಸಿದೆ. ಬೇಯಿಸಿದ ಬಟಾಟೆಯನ್ನು ಅದರ ನೀರಿನ ಜೊತೆಯೇ ನುರಿದು, ಸಕ್ಕರೆ ಮತ್ತು ಮೈದಾ ಕಲಸಿ ಪಿಂಗಾಣಿ ಭರಣಿಯಲ್ಲಿಟ್ಟು ಬಾಯಿಗೆ ಬಟ್ಟೆ ಕಟ್ಟಿದರೆ ಮೂರು ನಾಲ್ಕು ದಿನದಲ್ಲಿ ಗುಳ್ಳೆ ಏಳುತ್ತದೆ. ದಿನಾ ಅದಕ್ಕೊಂದು ಚಮಚ ಮೈದಾ ಉಣ್ಣಿಸಬೇಕು. ಅತ್ತೆ ದಿನಕ್ಕೆ ಎರಡು ಸಲ ಬಂದು ಬಟ್ಟೆ ಸರಿಸಿ ಮೂಸುತ್ತಿದ್ದರು. ಐದನೆಯ ದಿನ, ಇದು ಶೇಂದಿಯ ಹಾಗೇ ನಾರುತ್ತದಲ್ಲ ಎಂದರು. ಶೇಂದಿಯ ವಾಸನೆ ನಿಮಗೆ ಹೇಗೆ ಗೊತ್ತು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದು ಕೂತಿತ್ತು, ನುಂಗಿಕೊಂಡೆ. ಬಟಾಟೆ, ಸಕ್ಕರೆ, ಮೈದಾ ಬಿಟ್ಟರೆ ಅದರಲ್ಲಿ ಬೇರೇನಿಲ್ಲ ಎಂದು ದೇವರ ಕೋಣೆಯ ಕಡೆ ಕೈ ತೋರಿಸಿ ಹೇಳಿದೆ. ಅವರು ನಂಬಿದರು, ಭರಣಿಯನ್ನು ಮಾತ್ರ ಉಪ್ಪಿನಕಾಯಿಯ ಭರಣಿಗಳಿಂದ ದೂರ ಇಡಿಸಿದರು.

ಹಬ್ಬದ ಹಿಂದಿನ ಸಂಜೆ ನೀರು ತುಂಬುವ ಶಾಸ್ತ್ರ. ಹಂಡೆ ತಿಕ್ಕಿ, ಅದರ ಕುತ್ತಿಗೆಗೆ ಹಿಂಡ್ಲೆ ಬಳ್ಳಿ ಸುತ್ತಿ, ಶೇಡಿ ಎಂಬ ಬಿಳಿಮಣ್ಣು, ಕೆಮ್ಮಣ್ಣಿನ ಪಟ್ಟೆ ಬರೆದು ನೀರು ತುಂಬಿದ್ದಾಯಿತು. ಅಡುಗೆಮನೆಯ ಒಲೆಯನ್ನೂ ಅತ್ತೆ ಸಗಣಿಯಲ್ಲಿ ಸಾರಿಸಿ, ಅಂಚಿಗೆ ಶೇಡಿಯ ಬಿಳಿ ಗೆರೆ ಎಳೆದರು. ಆಮೇಲೆ ನಾನು ಹಿಟ್ಟು ಕಲಸಲು ಕೂತೆ. ಬೆಚ್ಚಗಿನ ಹಾಲು, ಬೆಣ್ಣೆ, ಹುದುಗು, ಮೈದಾ. ಉಪ್ಪಿನ ಮರಿಗೆಗೆ ಕೈ ಹಾಕಿದೆನೋ ಇಲ್ಲವೋ, ಅತ್ತೆ ನನ್ನ ಮಣಿಕಟ್ಟು ಹಿಡಿದರು.

ಅವರ ಕಾನೂನು ಹೀಗಿತ್ತು. ನೀರು, ಹಾಲು ಬಿದ್ದ ಹಿಟ್ಟಿಗೆ ಉಪ್ಪು ಸೇರಿದರೆ ಅದು ಮುಸುರೆ. ಮುಸುರೆಯಾದದ್ದು ರಾತ್ರಿ ಕಳೆದರೆ ತಂಗಳು. ತಂಗಳನ್ನು ಹಬ್ಬದ ಬೆಳಿಗ್ಗೆ ಒಲೆಗೆ ಏರಿಸುವಂತಿಲ್ಲ. ದೋಸೆ ಹಿಟ್ಟಿಗೂ ಅವರು ಬೆಳಿಗ್ಗೆ ಹೊಯ್ಯುವ ಹೊತ್ತಿಗಷ್ಟೇ ಉಪ್ಪು ಹಾಕುವವರು. ಇದಕ್ಕೂ ಬೆಳಿಗ್ಗೆಯೇ ಹಾಕು ಎಂದರು. ಉಪ್ಪು ಮೊದಲೇ ಬೀಳಬೇಕು ಎಂದು ನರ್ಸಮ್ಮ ಕಲಿಸಿದ್ದರು, ಯಾಕೆ ಎಂದು ಹೇಳಿರಲಿಲ್ಲ. ಯಾಕೆ ಎಂದು ಗೊತ್ತಿಲ್ಲದ್ದನ್ನು ಹಿಡಿದು ಅತ್ತೆಯೊಡನೆ ವಾದಿಸುವುದು ಹೇಗೆ? ಮಡಿಯ ವಿಷಯದಲ್ಲಿ ಅವರದೇ ಕಡೆಯ ಮಾತು ಎಂದು ಒಪ್ಪಿಯೂ ಆಗಿತ್ತು. ಉಪ್ಪಿಲ್ಲದ ಹಿಟ್ಟನ್ನು ಹಿತ್ತಾಳೆಯ ಪಾತ್ರೆಗೆ ಹಾಕಿ, ತಟ್ಟೆ ಮುಚ್ಚಿ, ಬೆಚ್ಚಗಿರಲಿ ಎಂದು ಒಲೆಯ ಕಟ್ಟೆಯ ಮೇಲಿಟ್ಟು ಮಲಗಿದೆ.

ಉಪ್ಪು ಹಿಟ್ಟಿಗೆ ಕಡಿವಾಣ ಎಂದು ಈಗ ನಾನು ಯಾರಿಗೆ ಬೇಕಾದರೂ ಪಾಠ ಹೇಳಬಲ್ಲೆ. ಆ ಬೆಳಿಗ್ಗೆ ಅದನ್ನು ನನಗೆ ಕಲಿಸಿದ್ದು ಅತ್ತೆಯ ಕೂಗು. ಸ್ನಾನದ ನೀರಿಗೆ ಉರಿ ಹಾಕಲು ಎದ್ದವರು ದೀಪ ಹಿಡಿದು ಅಡುಗೆಮನೆಗೆ ಇಣುಕಿದ್ದರು. ನಾನು ಓಡಿ ಹೋಗಿ ನೋಡಿದರೆ ಮುಚ್ಚಿದ ತಟ್ಟೆ ನೆಲದ ಮೇಲೆ. ಹಿಟ್ಟು ಪಾತ್ರೆಯಿಂದ ಎದ್ದು ಹೊರಬಿದ್ದು, ಒಲೆಯ ಕಟ್ಟೆಯ ಮೇಲೆ ಹರಿದು, ಶೇಡಿಯ ಗೆರೆಗಳನ್ನೆಲ್ಲ ಅಳಿಸಿ ಬೂದಿಯೊಳಗೆ ಇಳಿದಿತ್ತು. ಪಾತ್ರೆಯಲ್ಲಿ ಉಳಿದದ್ದು ಅರ್ಧಕ್ಕಿಂತ ತುಸು ಹೆಚ್ಚು. ಅದೂ ಉಬ್ಬಿ ಉಬ್ಬಿ ಸೋತು, ಕುಸಿದು, ಒದ್ದೆ ಬಟ್ಟೆಯ ಹಾಗೆ ತಳಕ್ಕೆ ಬಿದ್ದಿತ್ತು.

ಗಲಾಟೆ ಕೇಳಿ ಎದ್ದು ಬಂದ ಮಾವ ಒಲೆಯ ಮೇಲೆ ಉಕ್ಕಿದರೆ ಶುಭ ಅನ್ನುತ್ತಾರಲ್ಲ ಎಂದರು. ಅತ್ತೆ ತಿರುಗಿ ನೋಡಿದ ನೋಟಕ್ಕೆ ಅವರು ಬಂದ ದಾರಿಯಲ್ಲೇ ಹಿಂದೆ ಹೋದರು. ಅತ್ತೆ ಸಾರಿಸುವ ಬಟ್ಟೆ ತೆಗೆದುಕೊಂಡು ಒಲೆ ಒರೆಸತೊಡಗಿದರು. ಬೈದಿದ್ದರೆ ನಾನೂ ಬಾಯಿ ತೆಗೆಯುತ್ತಿದ್ದೆ. ನಿಮ್ಮ ಮುಸುರೆಯಿಂದಲೇ ಹೀಗಾಯಿತು ಎನ್ನುತ್ತಿದ್ದೆ. ಒಲೆ ಒರೆಸುವ ಬೆನ್ನಿಗೆ ಏನು ಹೇಳಲಿ? ಈ ಒಲೆ ಇನ್ನು ನನಗಿಲ್ಲ ಎಂದು ಅನ್ನಿಸಿ ಕಣ್ಣು ತುಂಬಿತು. ಅದರ ಹಿಂದೆಯೇ ಸಿಟ್ಟೂ ಬಂತು. ನನಗೆ ಅಳುವಿಗಿಂತ ಸಿಟ್ಟು ಒಗ್ಗುತ್ತದೆ, ಸಿಟ್ಟು ಬಂದಾಗ ನನ್ನ ಕೈ ಚುರುಕಾಗುತ್ತದೆ.

ಎಲ್ಲರಿಗಿಂತ ಮೊದಲು ಎಣ್ಣೆ ಹಚ್ಚಿಕೊಂಡು ನೀರು ಹೊಯ್ದುಕೊಂಡೆ. ಹಿಂಡ್ಲೆಕಾಯಿಯನ್ನು ನಾನು ಒಡೆದ ಸದ್ದಿಗೆ ನಮ್ಮವರು ಎಚ್ಚೆತ್ತರಂತೆ. ಒದ್ದೆ ಕೂದಲಿಗೆ ಬಟ್ಟೆ ಸುತ್ತಿ, ಮಡಿಯುಟ್ಟು ಅಡುಗೆಮನೆಗೆ ಬಂದು, ಪಾತ್ರೆಯಲ್ಲಿ ಉಳಿದದ್ದನ್ನು ಮಣೆಯ ಮೇಲೆ ಸುರಿದೆ. ಅಂಟು, ಹುಳಿ, ಎತ್ತಿದರೆ ಬೆರಳಿನಿಂದ ಜಾರುತ್ತಿತ್ತು. ಈಗ ಉಪ್ಪು ಹಾಕಿದೆ. ಎರಡು ಹಿಡಿ ಒಣ ಮೈದಾ ಉದುರಿಸಿ ನಾದತೊಡಗಿದೆ. ಮೊದಲು ಏನೂ ಆಗಲಿಲ್ಲ. ನಾದುತ್ತಾ ಹೋದಂತೆ ಕೈಯ ಕೆಳಗೆ ಅದು ಬಿಗಿಯತೊಡಗಿತು. ಅಂಗೈಯಿಂದ ಒತ್ತಿದರೆ ಮೆಲ್ಲಗೆ ಹಿಂದಕ್ಕೆ ತಳ್ಳಿತು. ಹಿಟ್ಟು ಸತ್ತಿಲ್ಲ ಎಂದು ನನಗೆ ಗೊತ್ತಾದದ್ದು ಆಗಲೇ. ಆ ಕ್ಷಣದ ಖುಷಿಯನ್ನು ಹೇಗೆ ಹೇಳಲಿ, ಹೆರಿಗೆಯಾಗಿ ಮಗುವಿನ ಅಳು ಕೇಳಿದಾಗಲೂ ನಾನು ಅಷ್ಟೇ ಹಗುರಾದದ್ದು.

ಹನ್ನೊಂದು ಉಂಡೆ ಬಂದವು. ಇಪ್ಪತ್ತು ಮಾಡುವ ಲೆಕ್ಕ ಹಾಕಿದ್ದೆ, ಇರಲಿ. ಅಕ್ಕಿ ತರಿ ಉದುರಿಸಿದ ಮಣೆಯ ಮೇಲೆ ಬಳೆಗಳನ್ನಿಟ್ಟು, ಒಳಗೆ ಉಂಡೆ ಕೂರಿಸಿ, ಮೇಲೂ ತರಿ ಉದುರಿಸಿ ಬಟ್ಟೆ ಮುಚ್ಚಿದೆ. ಅತ್ತೆ ಅಷ್ಟರಲ್ಲಿ ಸ್ನಾನ ಮುಗಿಸಿ ಬಂದು ಒಲೆಗೆ ಹೊಸದಾಗಿ ಗೆರೆ ಎಳೆದು ಅವಲಕ್ಕಿಯ ಕೆಲಸಕ್ಕೆ ತೊಡಗಿದ್ದರು. ಇಬ್ಬರೂ ಬೆನ್ನಿಗೆ ಬೆನ್ನು ಮಾಡಿ ಕೆಲಸ ಮಾಡಿದೆವು. ಅವರ ಏಳು ಬಗೆ ಮುಗಿಯುವ ಹೊತ್ತಿಗೆ ನನ್ನ ಉಂಡೆಗಳು ಬಳೆಯ ಅಂಚು ಮುಟ್ಟಿದ್ದವು. ಕಾವಲಿ ಇಡಬಹುದೇ ಎಂದು ಕೇಳಿದೆ. ಅವರು ಒಲೆಯ ಮುಂದಿನಿಂದ ಎದ್ದು ಪಕ್ಕಕ್ಕೆ ಸರಿದರು.

ಇದಕ್ಕೆ ದೋಸೆಯ ಉರಿ ಆಗದು. ಕೊಳ್ಳಿ ಹೊರಗೆಳೆದು ಕೆಂಡದ ಶಾಖ ಮಾತ್ರ ಉಳಿಸಿಕೊಳ್ಳಬೇಕು. ಒಂದು ಮಗ್ಗುಲು ಬೇಯಲಿಕ್ಕೆ ಏಳೆಂಟು ನಿಮಿಷ ಹಿಡಿಯುತ್ತದೆ, ಅಲ್ಲಿಯವರೆಗೆ ಮುಟ್ಟುವಂತಿಲ್ಲ, ಇಣುಕುವಂತಿಲ್ಲ. ನಾನು ಹುಟ್ಟಾ ತಾಳ್ಮೆಗೇಡಿ, ಆದರೆ ಕಾವಲಿಯ ಮುಂದೆ ನನ್ನಷ್ಟು ತಾಳ್ಮೆ ಯಾರಿಗೂ ಇಲ್ಲ. ಮೊದಲಿನ ನಾಲ್ಕನ್ನು ಮಗುಚಿದಾಗ ಬೆಲ್ಲದ ಬಣ್ಣದ ಮುಖ ಮೇಲೆ ಬಂತು. ಮನೆಯೆಲ್ಲ ಬೆಣ್ಣೆ ಮತ್ತು ಬೆಂದ ಗೋಧಿಯ ವಾಸನೆ ತುಂಬಿತು. ಜಗಲಿಯಲ್ಲಿ ಮಾವ ಪೇಪರು ಮಡಚಿದ್ದು ನನಗೆ ಒಳಗೇ ಕೇಳಿಸಿತು.

ಮಫಿನ್ನನ್ನು ಚಾಕುವಿನಲ್ಲಿ ಕುಯ್ದರೆ ತೂತು ಮುಚ್ಚಿಹೋಗುತ್ತವೆ. ನರ್ಸಮ್ಮ ಫೋರ್ಕಿನಿಂದ ಸುತ್ತ ಚುಚ್ಚಿ ಬಿಡಿಸುತ್ತಿದ್ದರು. ನಮ್ಮ ಮನೆಯಲ್ಲಿ ಫೋರ್ಕ್ ಎಲ್ಲಿಂದ ಬರಬೇಕು? ಹಿತ್ತಲಿನ ತೆಂಗಿನ ಗರಿಯಿಂದ ಹಸಿ ಕಡ್ಡಿ ಎಳೆದು, ತೊಳೆದು, ಸೊಂಟದ ಸುತ್ತ ಚುಚ್ಚುತ್ತಾ ಬಂದು ಎರಡು ಹೆಬ್ಬೆರಳಿನಿಂದ ಬಿಡಿಸಿದೆ. ಒಳಗೆ ನೋಡಿದವಳು ಹಾಗೇ ಕೂತುಬಿಟ್ಟೆ. ಮುಂಬಯಿಯಲ್ಲಿ ನಾನಾಗಲಿ ನರ್ಸಮ್ಮನಾಗಲಿ ಎಂದೂ ಅಷ್ಟು ತೂತು ಕಂಡಿರಲಿಲ್ಲ. ಸಣ್ಣದು, ದೊಡ್ಡದು, ಒಂದರೊಳಗೊಂದು. ಉಪ್ಪಿಲ್ಲದೆ ರಾತ್ರಿಯೆಲ್ಲ ಮನಬಂದಂತೆ ಉಬ್ಬಿ, ಕುಸಿದು, ಮತ್ತೆ ನಾದಿಸಿಕೊಂಡು ಎರಡನೆಯ ಸಲ ಎದ್ದ ಹಿಟ್ಟು ಅದು. ಅತ್ತೆಯ ಮಡಿ ನನ್ನ ಅರ್ಧ ಹಿಟ್ಟನ್ನು ಬೂದಿಗೆ ಸುರಿಯಿತು, ಉಳಿದರ್ಧವನ್ನು ನನ್ನ ಗುರುವಿನ ಮಫಿನ್ನಿಗಿಂತ ಒಂದು ಕೈ ಮೇಲೆ ಮಾಡಿತು. ಇದನ್ನು ಒಪ್ಪಿಕೊಳ್ಳಲು ನನಗೆ ವರ್ಷಗಳೇ ಹಿಡಿದವು.

ತೂತುಗಳಿಗೆ ತುಪ್ಪ ಸವರಿದೆ, ಮೇಲೆ ಜೋನಿ ಬೆಲ್ಲ ಹನಿಸಿದೆ. ಜೋನಿ ಬೆಲ್ಲ ಎಂದರೆ ನಮ್ಮ ಕಡೆಯ ನೀರುಬೆಲ್ಲ, ಅದು ತುಪ್ಪದೊಡನೆ ಒಂದೊಂದೇ ತೂತಿನೊಳಗೆ ಇಳಿದು ನಿಂತಿತು. ದೇವರಿಗೆ ಅವಲಕ್ಕಿಯ ನೈವೇದ್ಯವಾದ ಮೇಲೆ ಮಾವ ಒಂದು ತಿಂದು ಇನ್ನೊಂದಕ್ಕೆ ಕೈ ಚಾಚಿದರು. ನಮ್ಮವರು ಆರರ ಹಳೆಯ ಹೆಸರು ಉಳಿಸಿಕೊಳ್ಳುವ ಉಮೇದಿನಲ್ಲಿದ್ದರು, ಬಂದವರಿಗೆ ಇರಲಿ ಎಂದು ಮೂರಕ್ಕೇ ಅವರ ಕೈ ತಡೆದೆ. ನಾನೊಂದು ಅರ್ಧ ತಿಂದೆ. ಅತ್ತೆ ತಮ್ಮ ಎಲೆಗೆ ಅವಲಕ್ಕಿ ಮಾತ್ರ ಹಾಕಿಕೊಂಡರು. ಬೇಕೇ ಎಂದು ನಾನು ಕೇಳಿದ್ದಕ್ಕೆ ಆಮೇಲೆ ನೋಡುವ ಎಂದರು. ಅವರು ಮುಟ್ಟಲಿಲ್ಲ ಎಂಬುದು ನನ್ನನ್ನು ಚುಚ್ಚಿತು. ಎಲೆ ತೆಗೆದು, ಕೊಟ್ಟಿಗೆಗೆ ಹೋಗಿ ಬಂದು ನೋಡಿದರೆ ಬುಟ್ಟಿಯಲ್ಲಿ ಉಳಿದದ್ದರಲ್ಲಿ ಎರಡು ಕಡಿಮೆ. ಇದು ನಮ್ಮವರದೇ ಕೆಲಸ ಎಂದು ಕೆಂಗಣ್ಣು ಬಿಟ್ಟೆ. ಅವರು ಆಣೆ ಹಾಕಿದರು, ನಾನು ನಂಬಲಿಲ್ಲ.

ಬಿಸಿಲು ಅಂಗಳಕ್ಕೆ ಬರುವ ಹೊತ್ತಿಗೆ ರುಚಿ ನೋಡುವವರ ಸವಾರಿ ಶುರುವಾಯಿತು. ಮೊದಲು ಬಂದವರು ಎದುರು ಮನೆಯ ದೊಡ್ಡಮ್ಮ. ಅವರು ಯಾರಿಗೆ ನಿಜವಾದ ದೊಡ್ಡಮ್ಮನೋ ತಿಳಿಯದು, ಕೇರಿಗೆಲ್ಲ ದೊಡ್ಡಮ್ಮ, ನಮ್ಮ ಅತ್ತೆಗೆ ಮಾತ್ರ ಅಕ್ಕ. ಅವರ ಕಿವಿಗೆ ಬಿದ್ದದ್ದು ಮಧ್ಯಾಹ್ನದ ಊಟದೊಳಗೆ ಬಸ್ ಸ್ಟ್ಯಾಂಡ್ ಮುಟ್ಟುತ್ತಿತ್ತು. ಯಾರಿಗೂ ಅಂಜದ ಅತ್ತೆ ಅವರ ನಾಲಿಗೆಗೆ ಅಂಜುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಜಗಲಿಯಲ್ಲಿ ಮಣೆ ಹಾಕಿ, ಎಲೆಯ ತುಂಡಿನ ಮೇಲೆ ಏಳು ಬಗೆ ಅವಲಕ್ಕಿ ಬಡಿಸಿ, ಕೊನೆಗೆ ಅರ್ಧ ಮಫಿನ್ನನ್ನು ತೂತು ಮೇಲಾಗಿ ಇಟ್ಟೆ. ಅವಸರಕ್ಕೆ ಜೋನಿ ಬೆಲ್ಲ ಅಂಚಿಗೆ ಚೆಲ್ಲಿತು.

ದೊಡ್ಡಮ್ಮ ಅವಲಕ್ಕಿ ಬಿಟ್ಟು ಮೊದಲು ಅದನ್ನೇ ಎತ್ತಿಕೊಂಡರು. ಇದೇನು ಎಂದು ಕೇಳಿದರು. ಕರಾರಿನಂತೆ ಗೋಧಿ ರೊಟ್ಟಿ ಎಂದೆ. ಅವರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದರು, ಬೆರಳಿನಿಂದ ಒತ್ತಿದರು, ಅದು ಒಳಕ್ಕೆ ಹೋಗಿ ಮತ್ತೆ ಮೇಲೆ ಬಂತು. ಮೂಸಿದರು. ಆಮೇಲೆ ಎಲೆಯ ಮೇಲೆ ವಾಪಸಿಟ್ಟು ಒಳಗಿನ ಕಡೆ ಮುಖ ಮಾಡಿ ಕೇಳಿದರು.

“ಎಂತದೇ ತಂಗಿ, ಹಬ್ಬದ ದಿನ ನಿನ್ನ ಸೊಸೆ ನಂಗೆ ಪಾವು ಬಡಿಸ್ತಾಳಲ್ಲ?”

ನನಗೆ ನೆ‌ಲ ಬಾಯಿಬಿಟ್ಟರೆ ಸಾಕೆನಿಸಿತು. ನನ್ನ ಒಲೆ ಹೋದರೆ ಹೋಗಲಿ, ಈ ವಯಸ್ಸಿನಲ್ಲಿ ನನ್ನಿಂದಾಗಿ ಅತ್ತೆ ಕೇರಿಯವರೆದುರು ತಲೆ ತಗ್ಗಿಸಬೇಕಾಯಿತಲ್ಲ ಎಂದು ಮೊದಲ ಸಲ ಅವರಿಗಾಗಿ ಹೆದರಿದೆ. ಅತ್ತೆ ಸೆರಗಿಗೆ ಕೈ ಒರೆಸುತ್ತಾ ಹೊರಗೆ ಬಂದರು. ಅಲ್ಲ ಅಕ್ಕ, ಗೋಧಿ ರೊಟ್ಟಿ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಅವರು ನನ್ನನ್ನೊಮ್ಮೆ ನೋಡಿದರು, ಎಲೆಯನ್ನೊಮ್ಮೆ ನೋಡಿದರು.

“ಹೌದಕ್ಕ, ಪಾವೇ. ನಮ್ಮನೆ ಒಲೆ ಮೇಲೆ ನಮ್ಮನೆ ಸೊಸೆ ಮಾಡಿದ್ದು. ಬೆಳಿಗ್ಗೆ ನಾನು ಎರಡು ತಿಂದೆ, ಎಂತ ಆಗ್ಲಿಲ್ಲ. ನೀ ತಿಂದ್ರೆ ತಿನ್ನು, ಇಲ್ದಿದ್ರೆ ಅವಲಕ್ಕಿ ಅದೆ.”

ದೊಡ್ಡಮ್ಮ ಮಾತಿಗೆಂದು ತೆರೆದ ಬಾಯಿಯನ್ನು ಸುಮ್ಮನೆ ಮುಚ್ಚುವುದು ಹೇಗೆ ಎಂದೋ ಏನೋ, ಆ ಅರ್ಧವನ್ನು ಎತ್ತಿ ಕಚ್ಚಿದರು. ಜಗಿದರು. ಗಲ್ಲಕ್ಕೆ ಇಳಿದ ಜೋನಿ ಬೆಲ್ಲವನ್ನು ಬೆರಳಲ್ಲಿ ಒರೆಸಿ ಆ ಬೆರಳನ್ನೂ ನೆಕ್ಕಿದರು. ಇನ್ನರ್ಧ ಎಲ್ಲಿ ಎಂದು ಕೇಳಿದರು.

ನನಗೆ ಹೆಮ್ಮೆಯೆನಿಸಿತು. ದೊಡ್ಡಮ್ಮ ತಿಂದದ್ದಕ್ಕೆ ಅಲ್ಲ, ಅವರು ತಿನ್ನದಿದ್ದರೂ ನನಗೆ ಆಗ ಅಷ್ಟೇ ಹೆಮ್ಮೆ ಇರುತ್ತಿತ್ತು. ಅತ್ತೆಯ ಮುಖ ನೋಡಿದೆ, ಅಲ್ಲಿ ಏನೂ ನಡೆಯಲೇ ಇಲ್ಲ ಎಂಬಂತಿದ್ದರು. ಕೆಂಡ ಇನ್ನೂ ಇದೆ, ಒಳಗೆ ಹೋಗಿ ಅಕ್ಕನಿಗೆ ಒಂದು ಬಿಸಿ ಮಾಡಿ ತಾ, ಬರುವವರಿಗೆಲ್ಲ ನೀನೇ ನೋಡಿ ಬಡಿಸು ಎಂದರು. ಹೇಳಿದವರು ನನ್ನ ಹಿಂದೆ ಬರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ತಿರುಗಿ ನೋಡಿದೆ. ದೊಡ್ಡಮ್ಮನ ಪಕ್ಕದಲ್ಲಿ ಇನ್ನೊಂದು ಮಣೆ ಎಳೆದುಕೊಂಡು, ಕಂಬಕ್ಕೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತಿದ್ದರು. ಹಬ್ಬದ ದಿನ ಅತ್ತೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.